ಚಿತ್ರೋತ್ಸವದ ನಿದ್ದೆ

ಕೂತಲ್ಲೇ ನಿದ್ದೆ ಮಾಡುವವರ ಬಗ್ಗೆ ಜನರಿಗೆ ಅಷ್ಟೇನೂ ಒಳ್ಳೆಯ ಅಭಿಪ್ರಾಯವಿಲ್ಲ. ಸಭೆಯಲ್ಲಿ ಕಣ್ಣು ಮುಚ್ಚಿದವನನ್ನು ಪಕ್ಕದವನು ಮೊಣಕೈಯಿಂದ ತಿವಿಯುತ್ತಾನೆ. ಬಸ್ಸಿನಲ್ಲಿ ಪರರ ಭುಜಕ್ಕೆ ತಲೆ ಕೊಟ್ಟವನನ್ನು ನೋಡಿ ಕಂಡಕ್ಟರೂ ಸೇರಿದಂತೆ ಎಲ್ಲರೂ ನಗುತ್ತಾರೆ. ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಈ ಕೊನೆಯ ಕೆಲಸವನ್ನು ಇಪ್ಪತ್ತು ವರ್ಷ ನಾನೇ ಮಾಡಿದ್ದೇನೆ. ಹಾಗಿರುವಾಗ ಈಗ ಮಾಡಿಕೊಳ್ಳುವ ತಪ್ಪೊಪ್ಪಿಗೆ ನನಗೆ ಸುಲಭದ್ದಲ್ಲ. ನಾನು ಅಂತರರಾಷ್ಟ್ರೀಯ ಮಟ್ಟದಲ್ಲಿ ನಿದ್ದೆ ಮಾಡಿದವನು. ಹಂಗೇರಿಯ ಯುದ್ಧದ ನಡುವೆ, ಇರಾನಿನ ಬೆಟ್ಟದ ಬುಡದಲ್ಲಿ, ಬ್ರೆಜಿಲಿನ ಗಲಾಟೆಯ ಸಂತೆಯಲ್ಲಿ ಮಲಗಿದ್ದೇನೆ. ಜಪಾನಿನ ಒಂದು ಇಡೀ ಮನೆತನ ನನ್ನ ಕಣ್ಣೆದುರೇ ಒಡೆದು ಮೂರು ಪಾಲಾಗುತ್ತಿದ್ದಾಗ ನಾನು ಗೊರಕೆ ಹೊಡೆಯುತ್ತಿದ್ದೆನೆಂದು ಹಿಂದಿನ ಸಾಲಿನವರು ಇಂಗ್ಲಿಷಿನಲ್ಲಿ ತಿಳಿಸಿದ್ದಾರೆ. ಇದೆಲ್ಲ ನಾಚಿಕೆಯ ವಿಷಯವೇ. ಆದರೆ ಈ ನಿದ್ದೆಗಳಲ್ಲಿ ಒಂದಕ್ಕೆ ಮಾತ್ರ ನಾನು ಇವತ್ತಿಗೂ ಋಣಿಯಾಗಿದ್ದೇನೆ.

ನಾನು ಹನೂರಿನ ಹೈಸ್ಕೂಲೊಂದರಲ್ಲಿ ಸಮಾಜ ಪಾಠದ ಮೇಷ್ಟ್ರಾಗಿದ್ದೆ. ಸಿನಿಮಾ ಹುಚ್ಚು ಹುಟ್ಟಿನಿಂದಲೇ ಬಂದದ್ದು. ಆದರೆ ಪರದೇಶದ ಸಿನಿಮಾಗಳ ಹುಚ್ಚು ಹತ್ತಿಸಿದವರು ಕೊಳ್ಳೇಗಾಲದ ಕಾಲೇಜಿನ ಒಬ್ಬ ಲೆಕ್ಚರರು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅವರು ನನ್ನನ್ನು ಮೊದಲ ಸಲ ಕೇರಳದ ಚಿತ್ರೋತ್ಸವಕ್ಕೆ ಎಳೆದುಕೊಂಡು ಹೋದರು. ಆಮೇಲೆ ಪ್ರತಿ ಡಿಸೆಂಬರಿನಲ್ಲೂ ನಾನೇ ಹೊರಡಲು ಶುರುಮಾಡಿದೆ. ಡಿಸೆಂಬರಿನಲ್ಲಿ ಕೇರಳಕ್ಕೆ ಹೊರಟವನನ್ನು ನಮ್ಮ ಕಡೆ ಜನ ಏನೆಂದುಕೊಳ್ಳುತ್ತಾರೆ ಹೇಳಿ? ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ "ಸ್ವಾಮಿಯೇ ಶರಣಂ" ಎಂದು ಕೈಮುಗಿದರು. ನಾನು ಮಾಲೆ ಹಾಕಿರಲಿಲ್ಲ, ತಲೆಯ ಮೇಲೆ ಇರುಮುಡಿ ಇರಲಿಲ್ಲ, ಗಡ್ಡವನ್ನು ಅವತ್ತು ಬೆಳಿಗ್ಗೆಯೇ ಕೆರೆದುಕೊಂಡಿದ್ದೆ. ಆದರೂ ಯಾರಿಗೂ ಅನುಮಾನ ಬರಲಿಲ್ಲ. ನಮ್ಮ ಹೆಡ್‌ಮಾಸ್ಟರು ನನ್ನ ರಜೆ ಅರ್ಜಿಯಲ್ಲಿದ್ದ 'ಚಲನಚಿತ್ರೋತ್ಸವ' ಎಂಬ ಪದಕ್ಕೆ ಗೀಟು ಹಾಕಿ ಮೇಲೆ 'ತೀರ್ಥಯಾತ್ರೆ' ಎಂದು ತಮ್ಮ ಕೈಯಾರೆ ಬರೆದು ರುಜು ಹಾಕಿದರು. "ಹಿಂಗೆ ಬರೆದ್ರೆ ಮೇಲಿನೋರು ಕೇಳೋದಿಲ್ಲ ಕಣ್ರಿ ಮೇಷ್ಟ್ರೇ" ಎಂದರು. ವಾಪಸು ಬಂದಮೇಲೆ ಪ್ರಸಾದ ಎಲ್ಲಿ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೈಯೊಡ್ಡಿದಾಗ ಬಾಳೆಕಾಯಿ ಚಿಪ್ಸು ಹಂಚಿದೆ. ಒಬ್ಬರು ಅದನ್ನೂ ಕಣ್ಣಿಗೊತ್ತಿಕೊಂಡು ತಿಂದರು.

ತೀರ್ಥಯಾತ್ರೆ ಎಂದದ್ದು ಅಷ್ಟೇನೂ ಸುಳ್ಳಾಗಿರಲಿಲ್ಲ. ಚಿತ್ರೋತ್ಸವದ ಉದ್ಘಾಟನೆಯಲ್ಲಿ ಮಾಡುವ ಭಾಷಣಗಳನ್ನು ನಾನು ಕೇಳಿದ್ದೇನೆ. ದೇಶದೇಶಗಳ ನಡುವೆ ಸೇತುವೆ, ಸಂಸ್ಕೃತಿಗಳ ವಿನಿಮಯ, ಜಗತ್ತೇ ಒಂದು ಮನೆ, ಹೀಗೆ ಸಾಗುತ್ತದೆ. ಭಾಷಣ ಹೇಗಾದರೂ ಇರಲಿ, ನನ್ನ ಮಟ್ಟಿಗೆ ಆದದ್ದನ್ನು ಹೇಳುತ್ತೇನೆ. ನಾನು ವರ್ಷಗಟ್ಟಲೆ ನಕಾಶೆಯ ಮೇಲೆ ಕೋಲಿಟ್ಟು ಇದು ಪೋಲೆಂಡ್, ಇಲ್ಲಿ ಕಲ್ಲಿದ್ದಲು ಸಿಗುತ್ತದೆ, ಇದು ಟರ್ಕಿ, ಇಲ್ಲಿ ಹತ್ತಿ ಬೆಳೆಯುತ್ತಾರೆ ಎಂದು ಪಾಠ ಮಾಡಿದವನು. ಪೋಲೆಂಡಿನಲ್ಲಿ ಕಲ್ಲಿದ್ದಲ ಜೊತೆಗೆ ಅತ್ತೆ ಸೊಸೆಯರೂ ಇರುತ್ತಾರೆ, ಟರ್ಕಿಯಲ್ಲಿ ಗಂಡಸರು ಟೀ ಅಂಗಡಿಯ ಮುಂದೆ ಕೆಲಸವಿಲ್ಲದೆ ಕೂತಿರುತ್ತಾರೆ ಎಂದು ನನಗೆ ಗೊತ್ತಾದದ್ದು ಆ ಕತ್ತಲ ಹಾಲಿನಲ್ಲಿ. ಆಮೇಲೆ ನನ್ನ ಪಾಠವೇ ಬದಲಾಯಿತು. ಆ ಉತ್ಸವ ನಡೆಸಿದ ಪುಣ್ಯಾತ್ಮರು ಯಾರ್ಯಾರೋ ನನಗೆ ಗೊತ್ತಿಲ್ಲ, ಅವರೆಲ್ಲ ಚೆನ್ನಾಗಿರಲಿ.

ತೊಂದರೆಯೆಂದರೆ ಈ ಜ್ಞಾನವೆಲ್ಲ ದಿನಕ್ಕೆ ಐದೈದು ಸಿನಿಮಾಗಳ ಲೆಕ್ಕದಲ್ಲಿ ಬರುತ್ತಿತ್ತು. ಹನೂರಿನಿಂದ ಕೊಳ್ಳೇಗಾಲ, ಅಲ್ಲಿಂದ ದಿಂಬದ ಘಾಟಿ ಇಳಿದು ಕೊಯಮತ್ತೂರು, ಅಲ್ಲಿಂದ ರೈಲು. ರೈಲಿನಲ್ಲಿ ಕಾಲಿಡಲು ಜಾಗ ಸಿಕ್ಕರೆ ಬ್ಯಾಗಿಡಲು ಸಿಗುತ್ತಿರಲಿಲ್ಲ. ಹೀಗೆ ನಿದ್ದೆಗೆಟ್ಟು ಹೋದವನನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ದೀಪ ಆರಿಸಿ, ತಣ್ಣನೆ ಗಾಳಿ ಬಿಟ್ಟು, ಪರದೆಯ ಮೇಲೆ ಒಬ್ಬ ಮುದುಕ ಸುಮ್ಮನೆ ಕಿಟಕಿಯಾಚೆ ನೋಡುತ್ತಿರುವುದನ್ನು ಎಂಟು ನಿಮಿಷ ತೋರಿಸಿದರೆ ಅವನಾದರೂ ಏನು ಮಾಡಬೇಕು? ಆ ಮುದುಕನಿಗೂ ನಿದ್ದೆ ಬಂದಿತ್ತೆಂದೇ ನನ್ನ ನಂಬಿಕೆ. ನನ್ನ ಹೆಂಡತಿ ಸರೋಜ ಇದನ್ನು ಒಪ್ಪುವುದಿಲ್ಲ. "ಮನೇಲಿ ಮಲಗಿದ್ರೆ ಆಗ್ತಿರಲಿಲ್ವಾ, ಅಷ್ಟು ದೂರ ಹೋಗಿ ಮಲಗಬೇಕಾ?" ಎಂದು ಪ್ರತಿ ಜನವರಿಯಲ್ಲೂ ಒಮ್ಮೆ ಕೇಳುತ್ತಾಳೆ.

ಮಲಗಿ ಸುಮ್ಮನಿದ್ದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಹನೂರಿನಲ್ಲಿ ನನಗೊಂದು ಸಭೆಯಿತ್ತು. ನಮ್ಮ ಮನೆಯ ಬೀದಿಯ ತುದಿಯಲ್ಲಿ ಮಾದೇವಸ್ವಾಮಿ ಎಂಬ ಟೈಲರನ ಅಂಗಡಿ. ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವನು. ಕೈಕೆಲಸ ಅಚ್ಚುಕಟ್ಟು, ಬಾಯಿ ಮಾತ್ರ ಸ್ವಲ್ಪ ಹರಿತ. ಸಂಜೆ ಶಾಲೆ ಬಿಟ್ಟಮೇಲೆ ನಾನು ಅವನ ಅಂಗಡಿಯ ಬೆಂಚಿನ ಮೇಲೆ ಕೂತು ನೋಡಿ ಬಂದ ಸಿನಿಮಾಗಳ ಕತೆ ಹೇಳುತ್ತಿದ್ದೆ. ದಿನಕ್ಕೊಂದರಂತೆ ಇಪ್ಪತ್ತು ದಿನ ನಡೆಯುತ್ತಿತ್ತು. ಕೇಳುವವರು ಏಳೆಂಟು ಜನ. ಅವರಲ್ಲಿ ಮುಖ್ಯಸ್ಥ ಕೆಂಪಣ್ಣ ಎಂಬ ಹಿರಿಯ. ವಯಸ್ಸಿನಲ್ಲಿದ್ದಾಗ ಮಾದಪ್ಪನ ಕತೆ ಹಾಡುವವರ ಹಿಂದೆ ಕೂತು ದನಿಗೂಡಿಸಿದ್ದವನು. ನನ್ನ ಕತೆಗೂ 'ಹೂಂ' ಅನ್ನುವ ಜವಾಬ್ದಾರಿಯನ್ನು ಅವನೇ ವಹಿಸಿಕೊಂಡಿದ್ದ. 'ಹೂಂ' ಬಾರದೆ ನಾನು ಮುಂದಿನ ಮಾತು ಆಡುವಂತಿರಲಿಲ್ಲ. ಪಾತ್ರ ಬಂದ ಕೂಡಲೆ "ಯಾರ ಮಗ? ಯಾವೂರು? ಮಗ್ಗುಲೂರು ಯಾವ್ದು ಸಾ?" ಎಂದು ಕೇಳುತ್ತಿದ್ದ. ಹಂಗೇರಿಯ ಮಗ್ಗುಲೂರು ಹೇಳಲು ನನ್ನ ಭೂಗೋಳ ಸಹಾಯಕ್ಕೆ ಬಂತು.

ಕೆಂಪಣ್ಣನ ಇನ್ನೊಂದು ಕಟ್ಟಳೆ ನನ್ನ ಕುತ್ತಿಗೆಗೆ ಬಂತು. ಶುರುಮಾಡಿದ ಕತೆಯನ್ನು ಮುಗಿಸದೆ ಏಳುವಂತಿಲ್ಲ. ಹಾಡುಗಾರರ ಪದ್ಧತಿ ಅದು. ಮೊದಲನೆಯ ದಿನವೇ ನಾನು ಪ್ರಾಮಾಣಿಕವಾಗಿ, "ಇಲ್ಲಿಂದಾಚೆ ನನಗೆ ಸ್ವಲ್ಪ ಕಣ್ಣು ಹತ್ತಿತು ಕೆಂಪಣ್ಣ, ಕೊನೆ ಏನಾಯಿತೋ ಗೊತ್ತಿಲ್ಲ" ಎಂದುಬಿಟ್ಟೆ. ಸಭೆಯಲ್ಲಿ ಒಬ್ಬರೂ ಏಳಲಿಲ್ಲ. ಕೆಂಪಣ್ಣ ನನ್ನನ್ನು ದುರುಗುಟ್ಟಿ ನೋಡಿ, "ಕತೆಯ ಅರ್ಧಕ್ಕೆ ಬುಟ್ಟು ಎದ್ದೋದ್ರೆ ಕೇಳ್ದೋರ ಮನ್ಗೆ ಒಳ್ಳೇದಲ್ಲ ಸಾ. ಆ ಎಣ್ಣುಮಗಳು ಅಂಗೇ ಕಾಡಲ್ಲಿ ನಿಂತಿರ್ಬೇಕಾ? ಮನೆ ಸೇರ್ಸಿ" ಎಂದ. ಒಂದು ನಿಮಿಷ ಯೋಚನೆ ಮಾಡಿ ಆ ಹೆಣ್ಣುಮಗಳನ್ನು ಮನೆ ಸೇರಿಸಿದೆ. ಎಲ್ಲರೂ ನಿಟ್ಟುಸಿರುಬಿಟ್ಟು ಎದ್ದರು. ಅವತ್ತಿನಿಂದ ನಾನು ಎಲ್ಲಿ ನಿದ್ದೆ ಹೋಗಿದ್ದೆನೋ ಅಲ್ಲಿಂದ ಮುಂದೆ ಸಿನಿಮಾ ನನ್ನದಾಯಿತು. ಎಷ್ಟೋ ಜನ ದೊಡ್ಡ ನಿರ್ದೇಶಕರು ಮಂಜಿನಲ್ಲಿ, ಜೈಲಿನಲ್ಲಿ, ಬಾರಿನಲ್ಲಿ ಬಿಟ್ಟುಹೋಗಿದ್ದ ಜನರನ್ನೆಲ್ಲ ನಾನು ಹನೂರಿನಲ್ಲಿ ಕೂತು ಅವರವರ ಮನೆ ಸೇರಿಸಿದ್ದೇನೆ.

ಒಂದು ವರ್ಷ ಚಮ್ಮಾರನೊಬ್ಬನ ಸಿನಿಮಾ ಹೇಳಿದೆ. ಅದು ಮಂಜು ಬೀಳುವ ಯಾವುದೋ ದೇಶ. ಒಬ್ಬ ಮುದುಕ, ಬೂಟು ಹೊಲಿಯುವವನು. ಕೆರೆಯಾಚೆ ಅವನ ಅಕ್ಕನ ಮನೆ. ಏನೋ ಮಾತಿಗೆ ಮಾತು ಬಂದು ವರ್ಷಗಳಿಂದ ಮಾತು ಬಿಟ್ಟಿದ್ದಾರೆ. ಒಂದು ಚಳಿಗಾಲ ಮುದುಕನಿಗೆ ಏನನ್ನಿಸಿತೋ, ಅಕ್ಕನ ಕಾಲಿನ ಅಳತೆಯನ್ನು ನೆನಪಿನಿಂದಲೇ ತೆಗೆದು ಒಂದು ಜೊತೆ ಬೂಟು ಹೊಲಿಯುತ್ತಾನೆ. ಒಂದು ಗಂಟೆ ಹೊಲಿಯುತ್ತಾನೆ. ಆಮೇಲೆ ಬೂಟನ್ನು ಬಗಲಲ್ಲಿಟ್ಟುಕೊಂಡು, ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಯಲು ಶುರುಮಾಡುತ್ತಾನೆ. ಎಲ್ಲೆಲ್ಲೂ ಬಿಳುಪು. ಅವನು ನಡೆದ, ನಡೆದ, ನಡೆದ. ನಾನು ಅಲ್ಲಿ ನಿದ್ದೆ ಹೋದೆ. ಎಚ್ಚರವಾದಾಗ ದೀಪ ಹಾಕಿದ್ದರು, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನಾನೂ ಎದ್ದು ಅವರಿಗಿಂತ ಜೋರಾಗಿ ತಟ್ಟಿದೆ.

ಹನೂರಿನಲ್ಲಿ ಆ ಸಂಜೆ ನಾನು ಮುದುಕನನ್ನು ಕೆರೆ ದಾಟಿಸಿದೆ. ಅಕ್ಕ ಬಾಗಿಲು ತೆಗೆದಳು. ಒಂದು ಗಳಿಗೆ ಮುಖ ನೋಡಿ, "ಈಗ ಬಂದ್ಯಾ? ಒಳಗೆ ಬಾ, ಚಳಿ" ಎಂದಳು. ಬೂಟು ಅವಳ ಕಾಲಿಗೆ ಅಳತೆ ತೆಗೆದಂತೆ ಕೂತಿತು. ಒಲೆಯ ಮುಂದೆ ಕೂರಿಸಿ ತಮ್ಮನಿಗೆ ಬಿಸಿ ಸಾರು ಬಡಿಸಿದಳು. ಸಾರು ಯಾವುದು ಎಂದು ಕೆಂಪಣ್ಣ ಕೇಳಿದ. ಹುರುಳಿ ಬಸ್ಸಾರು ಎಂದೆ. ಮಾದೇವಸ್ವಾಮಿ ಮಾತ್ರ ಮಿಷನ್ನಿನ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದ. ಅವನ ಕಾಲು ತುಳಿಯುವುದನ್ನು ಯಾವಾಗ ನಿಲ್ಲಿಸಿತ್ತೋ ನಾನು ಗಮನಿಸಿರಲಿಲ್ಲ.

ಅವನಿಗೂ ಒಬ್ಬ ಅಕ್ಕ ಇದ್ದಳು, ಯಳಂದೂರಿನಲ್ಲಿ. ದೇವಮ್ಮಣ್ಣಿ ಅಂತ. ಒಂಬತ್ತು ವರ್ಷದಿಂದ ಮಾತಿಲ್ಲ, ಹೋಗಿ ಬರುವುದಿಲ್ಲ. ಗೌರಿ ಹಬ್ಬಕ್ಕೆ ತಮ್ಮನ ಮನೆಯಿಂದ ಹೋಗಬೇಕಾದ ಬಾಗಿನವೂ ನಿಂತುಹೋಗಿತ್ತು. ಇದಕ್ಕೆಲ್ಲ ಕಾರಣ ಒಂದು ಕೋಟು. ಅಕ್ಕನ ಮಗಳ ಮದುವೆಗೆ ಭಾವ ನಂಜುಂಡಪ್ಪನವರು ಕೋಟು ಹೊಲಿಸಿಕೊಂಡರು. ಹೆಂಡತಿಯ ತಮ್ಮನೇ ಟೈಲರ್ ಆಗಿರುವಾಗ ಅವನನ್ನು ಬಿಟ್ಟು ಕೊಳ್ಳೇಗಾಲದಲ್ಲಿ ಇನ್ಯಾರಿಗೋ ಅಳತೆ ಕೊಟ್ಟಿದ್ದರು. ಇವನು ಹೊಟ್ಟೆಯೊಳಗೆ ಇಟ್ಟುಕೊಂಡು ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ, "ಭಾವ, ಎಡಗೈ ತೋಳು ಒಂದಿಂಚು ಉದ್ದ ಅದೆ. ಸಾರೊಳಕ್ಕೆ ಓಯ್ತದೆ, ಉಸಾರು" ಎಂದ. ಭಾವ, "ಇಸ್ಕೂಲ್ ಐಕಳ ಚಡ್ಡಿ ಒಲ್ಯೋನು ನೀನು, ಕೋಟಿನ ಸುದ್ದಿ ನಿಂಗ್ಯಾಕ್ಲಾ?" ಎಂದರು. ಇವನು ಎಲೆ ಬಿಟ್ಟು ಎದ್ದ. ಅಕ್ಕ ತಡೆಯಲಿಲ್ಲವೆಂಬುದು ಇವನ ಕೋಪ, ಮಗಳ ಮದುವೆಯ ಊಟದಿಂದ ತಮ್ಮ ಎದ್ದು ಹೋದನೆಂಬುದು ಅಕ್ಕನ ಕೋಪ.

ಚಮ್ಮಾರನ ಕತೆ ಕೇಳಿದ ವಾರಕ್ಕೆ ಮಾದೇವಸ್ವಾಮಿಯ ಅಂಗಡಿ ಒಂದು ದಿನ ಮುಚ್ಚಿತ್ತು. ಮರುದಿನ ನಾನು ಹೋದಾಗ ಅತ್ತು ಅವನ ಮುಖ ಊದಿಕೊಂಡಿತ್ತು, ನಗು ಮಾತ್ರ ಕಿವಿಯವರೆಗೂ ಇತ್ತು. "ಯಳಂದೂರ್ಗೆ ಓಗಿದ್ದೆ ಸಾ. ಅಕ್ಕಂಗೆ ಒಂದು ರವಿಕೆ ಒಲ್ಕಂಡು. ಆ ಮುದುಕ ಬೂಟು ಒಲ್ಕಂಡೋದ್ನಲ್ಲ, ಅಂಗೆ. ಅಳ್ತೆ ನ್ಯಾಪಕ ಇತ್ತು" ಎಂದ. ಸರಿಹೋಯಿತೇ ಎಂದು ಕೇಳಿದೆ. "ಎಲ್ಲಿ ಸಾ! ತೋಳೇ ಏರ್ಲಿಲ್ಲ. ಒಂಬತ್ ವರ್ಸದಲ್ಲಿ ಅಕ್ಕ ಅಷ್ಟು ದಪ್ಪ ಆಗವ್ಳೆ. ಅವ್ಳು ನಗಾಡುದ್ಲು ನೋಡಿ, ನಕ್ಕೂ ನಕ್ಕೂ ಆಮೇಲೆ ಅಳಕ್ಕೆ ಸುರು ಮಾಡುದ್ಲು. ಬಿಚ್ಚಿ ಒಲ್ಸಕ್ಕೆ ಬರೋ ವಾರ ಇಲ್ಲಿಗೇ ಬತ್ತಾಳಂತೆ" ಎಂದ. ಮಾತಿನ ನಡುವೆ ಕತ್ತರಿ ಹುಡುಕುವ ನೆಪ ಮಾಡಿ ಆ ಕಡೆ ತಿರುಗಿ ಕಣ್ಣೊರೆಸಿಕೊಂಡ. ನಾನೂ ಅವನ ಜೊತೆ ಕತ್ತರಿ ಹುಡುಕಿದೆ. ಸುಳ್ಳೇಕೆ ಹೇಳಲಿ, ಸ್ವಲ್ಪ ಹೆಮ್ಮೆಯೂ ಆಯಿತು. ಸೇತುವೆ ಸೇತುವೆ ಎಂದು ಭಾಷಣ ಮಾಡುತ್ತಾರಲ್ಲ, ಇಲ್ಲಿ ನೋಡಿ, ಹನೂರಿನಿಂದ ಯಳಂದೂರಿಗೆ ಒಂದನ್ನು ಕಟ್ಟಿದ್ದೇನೆ ಎಂದು ಸರೋಜಳ ಮುಂದೆ ಕೊಚ್ಚಿಕೊಂಡೆ.

ಹೆಮ್ಮೆ ಎಂಟು ತಿಂಗಳು ಬಾಳಿತು. ಒಂದು ಶನಿವಾರ ಕೊಳ್ಳೇಗಾಲದ ನಮ್ಮ ಲೆಕ್ಚರರು ಸಿಕ್ಕಿ, ಉತ್ಸವದಲ್ಲಿ ತೋರಿಸಿದ್ದ ಮೂರು ಸಿನಿಮಾಗಳನ್ನು ತಮ್ಮ ಚಿತ್ರ ಸಮಾಜಕ್ಕೆ ತರಿಸಿರುವುದಾಗಿಯೂ ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಟಾಕೀಸಿನಲ್ಲಿ ಮೊದಲನೆಯದು ಎಂದೂ ಹೇಳಿದರು. ಯಾವುದು ಸಾರ್ ಎಂದೆ. "ಅದೇ ಕಣ್ರಿ, ಚಮ್ಮಾರಂದು. ನೀವು ಎದ್ದು ನಿಂತು ಚಪ್ಪಾಳೆ ಹೊಡೆದಿರಲ್ಲ!" ಎಂದರು. ನನಗೆ ಬೆವರು ಕಿತ್ತುಕೊಂಡಿತು. ಆ ಸಿನಿಮಾದ ಕೊನೆ ಏನೆಂದು ನನಗೇ ಗೊತ್ತಿರಲಿಲ್ಲವಲ್ಲ! ಸುತ್ತಿ ಬಳಸಿ, "ಕೊನೆ ಬಗ್ಗೆ ನಿಮ್ಮ ಅಭಿಪ್ರಾಯ ಏನು ಸಾರ್?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಕೊನೆ ಬಗ್ಗೆ ಮಾತಾಡಲೇಬಾರದು. ಅನುಭವಿಸಬೇಕು" ಎಂದರು. ಇಂಥ ಉತ್ತರವನ್ನು ಲೆಕ್ಚರರುಗಳಿಗೆ ಯಾರು ಕಲಿಸುತ್ತಾರೋ ಕಾಣೆ.

ಹನೂರಿಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಬಂದಿತ್ತು. "ಸಾ, ನಮ್ಮ ಸಿನಿಮಾ ಬಂದದಂತೆ! ಅಕ್ಕಂಗೆ, ಭಾವಂಗೆ ಏಳ್ ಕಳ್ಸಿವ್ನಿ. ನೀವು ಮಗ್ಗುಲಲ್ಲೇ ಕೂತ್ಕಂಡು ಇಂಗ್ಲಿಸ್ನೋರ ಮಾತ ಕನ್ನಡದಲ್ಲಿ ಏಳ್ಬೇಕು" ಎಂದ ಮಾದೇವಸ್ವಾಮಿ. ಬಹಳ ನಿಧಾನದ ಸಿನಿಮಾ, ವಯಸ್ಸಾದವರಿಗೆ ಬೇಸರ ಬರುತ್ತದೆ, ಆ ಟಾಕೀಸಿನ ಕುರ್ಚಿಯಲ್ಲಿ ತಿಗಣೆ ಇದೆ ಎಂದೆಲ್ಲ ಹೇಳಿ ನೋಡಿದೆ. "ಇರ್ಲಿ ಬುಡಿ ಸಾ, ನಮ್ಮನ್ನ ಒಂದ್ ಮಾಡಿದ್ದು ಅದೇಯ" ಎಂದ. ಒಂಬತ್ತು ವರ್ಷದ ಬಿರುಕಿಗೆ ಹಾಕಿದ ಹೊಲಿಗೆ ಇನ್ನೂ ಹೊಸದು. ಭಾವನಂತೂ ಅರ್ಧಂಬರ್ಧ ಒಪ್ಪಿದ್ದವರು. ಸುಳ್ಳು ಕತೆ ಕೇಳಿಕೊಂಡು ಬಂದಿದ್ದ ಎಂದು ಅವರು ಟಾಕೀಸಿನಲ್ಲೇ ನಗಾಡಿದರೆ ಇವನು ಮತ್ತೆ ಎದ್ದು ಹೋಗುವವನೇ. ಆ ವಾರ ನನಗೆ ತರಗತಿಯಲ್ಲಿ ಕೂಡ ನಿದ್ದೆ ಬರಲಿಲ್ಲ. ಕೆಂಪಣ್ಣ ಮಾತ್ರ ಬರುವುದಿಲ್ಲವೆಂದ. "ಕತೆ ಕೇಳಾಯ್ತಲ್ಲ, ಇನ್ನೇನು ನೋಡದು?" ಅವನೊಬ್ಬನ ಮೇಲೆ ನನಗೆ ಪ್ರೀತಿ ಉಕ್ಕಿ ಬಂತು.

ಭಾನುವಾರ ನಾವು ಸಾಲಾಗಿ ಕೂತೆವು. ನಾನು, ಮಾದೇವಸ್ವಾಮಿ, ಬಿಚ್ಚಿ ಹೊಲಿದ ಅದೇ ರವಿಕೆ ತೊಟ್ಟಿದ್ದ ದೇವಮ್ಮಣ್ಣಿ, ಕೊನೆಯಲ್ಲಿ ನಂಜುಂಡಪ್ಪನವರು. ಅವರು ಹಾಕಿಕೊಂಡು ಬಂದಿದ್ದದ್ದು ಅದೇ ಕೋಟು. ತೋಳು ನಿಜಕ್ಕೂ ಉದ್ದವಿತ್ತು. ಸಿನಿಮಾ ಶುರುವಾಯಿತು. ಮುದುಕ ಬೂಟು ಹೊಲಿದ. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನಾನು ಪಿಸುಮಾತಿನಲ್ಲಿ ಅನುವಾದ ಮಾಡಿದೆ. ಮಾತಿರುವವರೆಗೆ ಧೈರ್ಯವಿತ್ತು. ಕೊನೆ ಹೇಗಿದ್ದರೂ ಅನುವಾದದಲ್ಲಿ ಏನಾದರೂ ತಿದ್ದಬಹುದು ಎಂದುಕೊಂಡಿದ್ದೆ. ಮುದುಕ ಕೆರೆಗೆ ಕಾಲಿಟ್ಟ ಮೇಲೆ ಪರದೆಯಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ. ಇಪ್ಪತ್ತು ನಿಮಿಷ ಬರೀ ಗಾಳಿಯ ಸದ್ದು. ಅವನು ಕೆರೆ ದಾಟಿದ. ಬಾಗಿಲು ತಟ್ಟಿದ. ಮತ್ತೆ ತಟ್ಟಿದ. ಕಿಟಕಿಯ ಗಾಜು ಒಡೆದಿತ್ತು, ಒಲೆಯಲ್ಲಿ ಮಂಜು ತುಂಬಿತ್ತು. ಹಿತ್ತಲಲ್ಲಿ ಒಂದು ಮರದ ಶಿಲುಬೆ ವಾಲಿಕೊಂಡು ನಿಂತಿತ್ತು. ಮುದುಕ ಬೂಟುಗಳನ್ನು ಹೊಸ್ತಿಲ ಮೇಲೆ ಜೋಡಿಸಿಟ್ಟು ಪಕ್ಕದಲ್ಲಿ ಕೂತ. ಮಂಜು ಬೀಳತೊಡಗಿತು, ಬೂಟು ಕಾಣದಾಗುವವರೆಗೂ ಬಿತ್ತು. ಅಷ್ಟೇ ಸಿನಿಮಾ.

ನಿಜವಾದ ಕೊನೆ ನಾನು ಕಟ್ಟಿದ್ದ ಕೊನೆಗಿಂತ ನೂರು ಪಾಲು ದೊಡ್ಡದಾಗಿತ್ತು. ಎಂಥದ್ದನ್ನು ಮಲಗಿ ಕಳೆದುಕೊಂಡಿದ್ದೆ, ಅದರ ಜಾಗದಲ್ಲಿ ಹುರುಳಿ ಬಸ್ಸಾರು ಇಟ್ಟಿದ್ದೆನಲ್ಲಾ ಎಂದು ಕಣ್ಣಲ್ಲಿ ನೀರು ಬಂತು. ದೀಪ ಹಾಕಿದರು. ಪಕ್ಕಕ್ಕೆ ತಿರುಗಲು ಧೈರ್ಯವಾಗದೆ ಪರದೆಯನ್ನೇ ನೋಡುತ್ತ ಕೂತೆ. ದೇವಮ್ಮಣ್ಣಿ ಸೆರಗಿನಿಂದ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು. ಆಮೇಲೆ ಅವಳು ತಮ್ಮನ ಕೈ ಹಿಡಿದುಕೊಂಡು, "ಆ ವಯ್ಯ ತಡವಾಗಿ ಓದ ಕಣ್ಲಾ. ನೀನು ನಾನಿರೋವಾಗ್ಲೇ ಬಂದೆ" ಎಂದಳು. ನಂಜುಂಡಪ್ಪನವರು ಗಂಟಲು ಸರಿಮಾಡಿಕೊಂಡು, ಕೋಟು ಬಿಚ್ಚಿ, ಮಡಚಿ, ಭಾವಮೈದುನನ ತೊಡೆಯ ಮೇಲಿಟ್ಟರು. "ಎಡಗೈ ತೋಳು ಒಸಿ ಉದ್ದ ಅದೆ. ನೋಡು" ಎಂದು ಎದ್ದು ಹೊರಗೆ ಹೋದರು.

ಟಾಕೀಸಿನ ಹೊರಗೆ ಟೀ ಕುಡಿಯುವಾಗ ಮಾದೇವಸ್ವಾಮಿ ನನ್ನನ್ನು ಪಕ್ಕಕ್ಕೆ ಕರೆದ. ಕ್ಷಮೆ ಕೇಳಲು ನಾನು ಬಾಯಿ ತೆರೆಯುವ ಮೊದಲೇ, "ಸಾ, ಅವತ್ತು ನೀವು ಒರಗ್ಬುಟ್ಟಿದ್ರಿ ಅಲ್ವಾ?" ಎಂದ. ಹೌದೆಂದು ತಲೆ ತಗ್ಗಿಸಿದೆ. "ಒಳ್ಳೇದಾಯ್ತು ಬುಡಿ ಸಾ. ನೀವು ಎಚ್ರವಾಗಿದ್ದು ಇದೇ ಕತೆಯ ಏಳಿದ್ರೆ ಬಾಗ್ಲು ತಟ್ಟಿ ಸುಮ್ನೆ ಬರದ್ಯಾಕೆ ಅಂತ ನಾನು ಯಳಂದೂರ್ಗೆ ಓಗ್ತಾನೇ ಇರ್ಲಿಲ್ಲ. ನೀವು ಮಲ್ಗಿದ್ದು ನನ್ ಪುಣ್ಯ" ಎಂದ. ಇಪ್ಪತ್ತು ವರ್ಷದ ಮೇಷ್ಟ್ರ ಕೆಲಸದಲ್ಲಿ ನನ್ನ ಪಾಠಕ್ಕೆ ಯಾರೂ ಇಷ್ಟು ಮನಸಾರೆ ಕೃತಜ್ಞತೆ ಹೇಳಿರಲಿಲ್ಲ. ಅವನ ಭುಜ ಹಿಡಿದುಕೊಂಡೆ. ಆ ಸೋಮವಾರದಿಂದ ತರಗತಿಯಲ್ಲಿ ತೂಕಡಿಸುವವರನ್ನು ಬೆಂಚಿನ ಮೇಲೆ ನಿಲ್ಲಿಸುವುದನ್ನೂ ಬಿಟ್ಟೆ.

ಮುಂದಿನ ಡಿಸೆಂಬರ್ ಬಂತು. ಹೆಡ್‌ಮಾಸ್ಟರು ಅರ್ಜಿಯಲ್ಲಿ ತೀರ್ಥಯಾತ್ರೆ ಎಂದು ತಿದ್ದಿದರು. ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಮಾದೇವಸ್ವಾಮಿ ಓಡೋಡಿ ಬಂದು ಒಂದು ಪೊಟ್ಟಣ ಕೊಟ್ಟ. ಬಿಚ್ಚಿದರೆ, ಸಮವಸ್ತ್ರದ ತುಂಡು ಬಟ್ಟೆಗಳನ್ನು ಜೋಡಿಸಿ, ಒಳಗೆ ಹತ್ತಿ ತುಂಬಿ ಹೊಲಿದ ಒಂದು ಪುಟ್ಟ ದಿಂಬು. ಕತ್ತಿನ ಸುತ್ತ ಬರಲೆಂದು ನಡುವೆ ಬಾಗಿಸಿದ್ದ. "ಕುರ್ಚೀಲಿ ಕತ್ತು ನೋಯ್ತದೆ ಸಾ. ಇದ ಮಡಿಕಂಡು ಚೆನ್ನಾಗಿ ಮಲ್ಗಿ" ಎಂದ. ಸುತ್ತ ನಿಂತವರು "ಸ್ವಾಮಿಯೇ ಶರಣಂ" ಎಂದರು. ದಿಂಬನ್ನು ತಲೆಯ ಮೇಲಿಟ್ಟುಕೊಂಡೇ ಬಸ್ಸು ಹತ್ತಿದೆ.

ಆ ವರ್ಷ ಏನಾಯಿತೋ ಏನೋ, ದಿಂಬು ಎಷ್ಟು ಮೆತ್ತಗಿದ್ದರೂ ಒಂದು ಸಲವೂ ರೆಪ್ಪೆ ಮುಚ್ಚಲಿಲ್ಲ. ಒಂದು ವಾರದಲ್ಲಿ ಮೂವತ್ತು ಸಿನಿಮಾಗಳನ್ನು ಮೊದಲಿನಿಂದ ಕೊನೆಯವರೆಗೆ ಪಿಳಿಪಿಳಿ ಕಣ್ಣುಬಿಟ್ಟು ನೋಡಿ ಬಂದೆ. ಎಲ್ಲವೂ ಬಹಳ ದೊಡ್ಡ ಸಿನಿಮಾಗಳು, ಒಂದರಲ್ಲೂ ಯಾರೂ ಮನೆ ಸೇರಲಿಲ್ಲ. ಅಂಗಡಿಯ ಬೆಂಚಿನ ಮೇಲೆ ಕೂತು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದೆ. ಮೂರನೆಯ ಸಂಜೆ ಕೆಂಪಣ್ಣ 'ಹೂಂ' ಅನ್ನುವುದನ್ನು ನಿಲ್ಲಿಸಿ ಆಕಳಿಸಿದ. ಮಾದೇವಸ್ವಾಮಿ ನನ್ನ ಮುಖವನ್ನು ಕನಿಕರದಿಂದ ನೋಡಿ, ಮಿಷನ್ನು ನಿಲ್ಲಿಸಿ, ಕೈ ಚಾಚಿದ.

"ದಿಂಬು ಗಟ್ಟಿಯಾಯ್ತೇನೋ ಸಾ. ಇಲ್ಲಿ ಕೊಡಿ, ಒಸಿ ಅತ್ತಿ ತೆಗ್ದು ಕೊಡ್ತೀನಿ" ಎಂದ.